ಬಗ್ಗಬೇಡ, ಗೋಲ್ ಹೋಗುತ್ತೆ!

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದವನಿಗೆ ನಗುವಿಗೆ ಬರಗಾಲ ಇಲ್ಲ ಮಾರಾಯ್ರೆ, ಬೇಡ ಅಂದ್ರೂ ದಿನಕ್ಕೊಂದು ನಡೀತಾನೇ ಇರುತ್ತೆ. ಅದರಲ್ಲೂ ಬ್ರಿಟಿಷರ ಕಾಲದಲ್ಲಿ ಕಳಸದ ಹತ್ತಿರದ ನಮ್ಮ ತೋಟಕ್ಕೆ ಒಬ್ಬ ಇಂಗ್ಲಿಷ್ ದೊರೆ ಮ್ಯಾನೇಜರಾಗಿ ಬಂದಮೇಲೆ ಕೇಳೋದೇ ಬೇಡ.

೧. ಹಳೇ ಕೆಲಸ

ದೊರೆಗೆ ಬಲಗಾಲಿನ ಮಂಡಿ ಮಡಚುತ್ತಿರಲಿಲ್ಲ, ಕುಂಟೋರು. ಒಂದು ದಿನ ನಮ್ಮ ಮೇಸ್ತ್ರಿ ಧೈರ್ಯ ಮಾಡಿ ಕೇಳಿದ, "ದೊರೆಗಳು ಊರಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಫುಟ್‌ಬಾಲ್ ಆಡ್ತಿದ್ದೆ."

"ಅದು ಸರಿ, ಕೆಲಸ?"

"ಅದೇ ಕೆಲಸ. ಸಂಬಳ ಕೊಡ್ತಿದ್ರು."

ಮೇಸ್ತ್ರಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ, "ಪಾಪ, ಹೇಳ್ಕೊಳ್ಳೋಕೆ ನಾಚಿಕೆ. ಜೈಲಲ್ಲಿದ್ರೋ ಏನೋ, ಜಾಸ್ತಿ ಕೆದಕಬೇಡಿ ರೈಟ್ರೆ."

೨. ಕಣದಲ್ಲಿ ಪಾಠ

ಕಾಫಿ ಒಣಗಿಸೋ ಕಣ ಖಾಲಿಯಾದಾಗ ದೊರೆ ನಮಗೆಲ್ಲ ಆಟ ಕಲಿಸಿದರು. ಓಡೋದು ಬಂತು, ಒದೆಯೋದೂ ಬಂತು. ಆದರೆ ಆಡುವಾಗ ಕಾಲು ಇನ್ನೊಬ್ಬರಿಗೆ ತಾಗುತ್ತಲ್ಲ? ತಾಗಿದ ಕೂಡಲೇ ನಮ್ಮವರು ನಿಂತು, ಬಗ್ಗಿ, ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳೋರು. ಅವನು "ಪರವಾಗಿಲ್ಲ ಬಿಡಿ" ಅನ್ನೋನು. ಅಷ್ಟರಲ್ಲಿ ಬಾಲ್ ಎಲ್ಲಿಗೋ!

ದೊರೆ ಹಣೆ ಚಚ್ಚಿಕೊಂಡು ಕೂಗೋರು, "ಬಗ್ಗಬೇಡ! ಗೋಲ್ ಹೋಗುತ್ತೆ!"

ಒಮ್ಮೆ ನಾನು ದೊರೆಯ ಕಾಲಿಗೇ ಒದ್ದುಬಿಟ್ಟೆ. ಬಗ್ಗಿದೆ, ಬೈಸಿಕೊಂಡೆ. ಬೈದು ಮುಗಿಸಿ ಅವರು ಮೆಲ್ಲಗೆ ಹೇಳಿದರು, "ಈ ಮಂಡಿ ಮುರಿದವನು ತಿರುಗಿ ಕೂಡ ನೋಡಲಿಲ್ಲ, ರೈಟರ್. ನನ್ನ ಆಟ ಅವತ್ತೇ ಮುಗೀತು." ಅದನ್ನ ಕೇಳಿ ಇನ್ನೊಂದು ಸಲ ಬಗ್ಗಿದೆ. ಇನ್ನೊಂದು ಸಲ ಬೈಸಿಕೊಂಡೆ.

೩. ಮೂಡಿಗೆರೆಯವರು

ದೊರೆ ಕೆಲಸ ಬಿಟ್ಟು ಊರಿಗೆ ಹೊರಟರು. ಹೋಗೋ ಮುಂಚೆ ಅವರಿಗೆ ಒಂದೇ ಆಸೆ: ಪ್ರತಿವರ್ಷ ನಮ್ಮನ್ನು ಸೋಲಿಸೋ ಮೂಡಿಗೆರೆ ಕಡೆಯ ತೋಟದವರನ್ನು ಒಂದು ಸಲ ಗೆಲ್ಲಬೇಕು.

ಆಟದ ದಿನ ಎರಡೂ ಕಡೆಯವರದು ಒಂದೊಂದು ಗೋಲ್ ಆಗಿತ್ತು. ಕೊನೇ ಗಳಿಗೆಯಲ್ಲಿ ಮೇಸ್ತ್ರಿ ಬಾಲ್ ಹೊಡ್ಕೊಂಡು ಓಡಿದ. ಅವರ ಗೋಲ್ ಕಾಯೋನು ಅಡ್ಡ ಬಿದ್ದ. ದಾಟುವಾಗ ಮೇಸ್ತ್ರಿ ಕಾಲು ಅವನ ಭುಜಕ್ಕೆ ತಾಗಿತು. ಎದುರಿಗೆ ಗೋಲ್ ಖಾಲಿ! "ಹೊಡಿ!" ಅಂತ ದೊರೆ ಕಿರುಚಿದರು.

ಮೇಸ್ತ್ರಿ ನಿಂತ. ಬಗ್ಗಿದ. ಮುಟ್ಟಿ ಕಣ್ಣಿಗೊತ್ತಿಕೊಂಡ. ಮೂಡಿಗೆರೆಯವರು ಬಾಲ್ ತಗೊಂಡು ಹೋಗಿ ನಮಗೇ ಗೋಲ್ ಹಾಕಿದರು.

"ಏನು ಮಾಡ್ಲಿ ದೊರೆ, ಅವ್ರು ವಯಸ್ಸಲ್ಲಿ ದೊಡ್ಡೋರು" ಅಂತ ಮೇಸ್ತ್ರಿ ಗಳಗಳ ಅತ್ತ. ದೊರೆ ಬೈಯಲೇ ಇಲ್ಲ.

೪. ಕಳಸದ ಬಸ್ಸು

ಮಾರನೇ ದಿನ ಬಸ್ಸು ಹತ್ತುವಾಗ ದೊರೆಯ ಆ ಮಡಚದ ಕಾಲು, ಪೆಟ್ಟಿಗೆ ಹಿಡಿದು ನಿಂತಿದ್ದ ಮೇಸ್ತ್ರಿಯ ಮೊಣಕಾಲಿಗೆ ತಾಗಿತು. ದೊರೆ ಕೆಳಗಿಳಿದರು. ಬಸ್ಸಿನ ಬಾಗಿಲು ಹಿಡ್ಕೊಂಡು, ಹಲ್ಲು ಕಚ್ಚಿ ಬಗ್ಗಿದರು. ಮೇಸ್ತ್ರಿಯ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮೇಸ್ತ್ರಿ ಕಣ್ಣೀರು ಸುರಿಸುತ್ತಾ ಅವರ ತೋಳು ಹಿಡಿದೆತ್ತಿ ಅಂದ, "ಬಗ್ಗಬೇಡಿ ದೊರೆ! ಗೋಲ್ ಹೋಗುತ್ತೆ!"