ಬಾಗಿಲಿಗೆ ಹಾಕಿದ ಬಿಸಿನೀರು

ಕೆಲವು ಕೆಲಸಗಳನ್ನು ನಾವು ಮಾಡುವುದಿಲ್ಲ, ನಮ್ಮ ಕೈ ತಾನಾಗಿ ಮಾಡಿಬಿಡುತ್ತದೆ. ಬೆಳಗ್ಗೆ ಎದ್ದು ಬಾಗಿಲು ಗುಡಿಸಿ, ನೀರು ಹಾಕಿ, ರಂಗೋಲಿ ಎಳೆಯುವುದು ನನಗೆ ಅಂಥ ಕೆಲಸ. ನಿಮ್ಮ ತಾತ ತೀರಿಕೊಂಡ ಮೇಲೆ ನಿಮ್ಮಮ್ಮ ನನ್ನನ್ನು ಇಂಗ್ಲೆಂಡಿನ ಈ ಸಟನ್ ಊರಿಗೆ ಕರೆತಂದಾಗ ಆ ಅಭ್ಯಾಸವೂ ನನ್ನ ಜೊತೆಗೇ ಬಂತು. ಹೊಸ್ತಿಲ ಮುಂದೆ ಚಿಕ್ಕದೊಂದು ರಂಗೋಲಿ ಹಾಕಿ, ಯಾರಾದರೂ ನೋಡುವುದರೊಳಗೆ ಒಳಗೆ ಓಡಿಬರುತ್ತಿದ್ದೆ. ನೋಡಿದವರು ಇಂಗ್ಲಿಷಿನಲ್ಲಿ ಮಾತಾಡಿಸಿಬಿಟ್ಟರೆ ಎಂಬ ಭಯ. ಆಮೇಲೆ ಹುಟ್ಟಿದ ನೀವು ಅದನ್ನು ತುಳಿದಾಗಲೆಲ್ಲ ನನ್ನಿಂದ ಬೈಸಿಕೊಂಡಿದ್ದೀರಿ.

ನನ್ನ ಮೊದಲ ಚಳಿಗಾಲದಲ್ಲಿ ಒಂದು ಬೆಳಗ್ಗೆ ಬಾಗಿಲು ತೆರೆದರೆ ಹಿಮ ಬಿದ್ದಿತ್ತು. ಜರಡಿ ಹಿಡಿದ ಅಕ್ಕಿಹಿಟ್ಟಿನಷ್ಟು ಹಗುರ. ಪೊರಕೆ ಹಿಡಿದು ಗೇಟಿನವರೆಗೂ ಗುಡಿಸಿದೆ. ದಾರಿ ಚೊಕ್ಕಟವಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಗುಡಿಸಿದ ಮೇಲೆ ನೀರು ಹಾಕದೆ ಬಿಡುವುದು ಹೇಗೆ? ಚಳಿಯಲ್ಲವೇ ಎಂದು ಒಂದು ಬಕೆಟ್ ಬಿಸಿನೀರನ್ನೇ ಎರಚಿದೆ. ಕಾಫಿ ಕುಡಿದು ರಂಗೋಲಿ ಡಬ್ಬಿಯೊಡನೆ ಬಂದರೆ ದಾರಿಯುದ್ದಕ್ಕೂ ಗಾಜು. ಗಟ್ಟಿಯಾದ ನೀರೇ ಮಂಜುಗಡ್ಡೆ ಎಂದು ನಮ್ಮೂರ ಶಾಲೆಯ ಮೇಷ್ಟ್ರು ಬರೆಸಿದ್ದರು. ಅದು ನನ್ನ ಬಾಗಿಲಲ್ಲೇ ಆಗುತ್ತದೆಂದು ಹೇಳಿರಲಿಲ್ಲ.

ಆಗಲೇ ಪಕ್ಕದ ಮನೆಯ ಬಾಗಿಲು ತೆರೆಯಿತು. ಎರಡೂ ಮನೆಗೆ ಅದೊಂದೇ ದಾರಿ. ಅಲ್ಲಿದ್ದ ಜೋನ್ ಎಂಬ ವಯಸ್ಸಾದ ಹೆಂಗಸು ಸೊಂಟದ ಆಪರೇಷನ್ ಮಾಡಿಸಿಕೊಂಡು ಆಗತಾನೇ ಓಡಾಡತೊಡಗಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಾಯಿಯ ಹಗ್ಗ. ಎರಡೂ ಕೈ ಎತ್ತಿ ಆಡಿಸುತ್ತಾ, "ಬರಬೇಡೀಮ್ಮಾ, ಬರಬೇಡಿ" ಎಂದೆ. ಇಷ್ಟು ದಿನ ಮುಖ ತೋರಿಸದವಳು ಕೈಬೀಸಿದಳೆಂದು ಆಕೆಗೆ ಸಂತೋಷವಾಗಿರಬೇಕು. ಕೋಲನ್ನೇ ಎತ್ತಿ ಬೀಸಿ, "ಗುಡ್ ಮಾರ್ನಿಂಗ್, ಡಿಯರ್" ಎಂದರು. ಅಷ್ಟರಲ್ಲಿ ಮೊದಲು ಇಳಿದ ನಾಯಿ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಹೊಟ್ಟೆಯ ಮೇಲೆ ಕೂತಿತು. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

ಗದ್ದಲ ಕೇಳಿ ನಿಮ್ಮಮ್ಮ ಬಂದಳು.

"ಅಮ್ಮಾ, ಈ ಚಳೀಲಿ ನೀರು ಹಾಕಿದ್ಯಾ?"

"ಬಿಸಿನೀರು ಕಣೇ."

"ಬಿಸಿನೀರಂತೆ. ಅವರು ಬಿದ್ದು ಮತ್ತೆ ಸೊಂಟ ಮುರ್ಕೊಂಡ್ರೆ ನಾನು ಕೆಲಸ ಮಾಡೋ ಆಸ್ಪತ್ರೆಗೇ ಬರ್ತಾರೆ, ಗೊತ್ತಾಯ್ತಾ?"

ಅವಳು ಉಪ್ಪಿನ ಡಬ್ಬಿ ತಂದಳು. ಜೋನ್ ಕೈ ಅಡ್ಡ ಮಾಡಿ, "ನೋ ಸಾಲ್ಟ್" ಎಂದು ಏನೇನೋ ಹೇಳಿದರು. ಉಪ್ಪಿಗೆ ನಾಯಿಯ ಪಾದ ಉರಿಯುತ್ತದಂತೆ, ಮಣ್ಣಿಗಿಳಿದರೆ ದಾರಿ ಪಕ್ಕದ ಗುಲಾಬಿಯ ಬೇರು ಸುಟ್ಟುಹೋಗುತ್ತದಂತೆ. "ಮರಳು ಚೆಲ್ಲಿದ್ರೆ ಸಾಕು, ಕಾಲು ಜಾರಲ್ಲ ಅಂತಿದಾರೆ. ಈಗ ಮರಳಿಗೆ ಎಲ್ಲಿಗೆ ಹೋಗ್ಲಿ?" ಎಂದಳು ನಿಮ್ಮಮ್ಮ.

ನಾನು ಕೈಲಿದ್ದ ಡಬ್ಬಿ ನೋಡಿಕೊಂಡೆ. ಮೈಸೂರಿಂದ ತಂದ ರಂಗೋಲಿ ಪುಡಿ. ಕಲ್ಲು ಕುಟ್ಟಿದ್ದು, ಮರಳಿನ ಹಾಗೇ ತರಿತರಿ. ದೀಪಾವಳಿಗೆಂದು ಕಟ್ಟಿಟ್ಟಿದ್ದ ಚೀಲವನ್ನೂ ತಂದು ದಾರಿಯುದ್ದಕ್ಕೂ ಬೊಗಸೆ ಬೊಗಸೆ ಎರಚಿದೆ. ಆದರೂ ಜೋನ್ ಕಾಲಿಡಲೊಲ್ಲರು.

"ನೀನು ದಿನಾ ಚಿತ್ರ ಬಿಡಿಸೋದನ್ನ ಕಿಟಕೀಲಿ ನೋಡ್ತಾರಂತೆ. ಅದರ ಪುಡೀನ ಹೇಗೆ ತುಳೀಲಿ ಅಂತಾರೆ."

ದಿನಾ ನೋಡುತ್ತಿದ್ದರೇ? ನಾನೇ ಜಾರಿ ಬಿದ್ದಿದ್ದರೂ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ನಾಚಿಕೊಳ್ಳಲು ಹೊತ್ತಿರಲಿಲ್ಲ. "ತುಳೀರಿ, ದಮ್ಮಯ್ಯ, ತುಳೀರಿ" ಎನ್ನುತ್ತಾ ನಾನೇ ಮೊದಲು ತುಳಿದು ತೋರಿಸಿದೆ. ಆಕೆ ನನ್ನ ತೋಳು ಹಿಡಿದು ಗೇಟು ದಾಟಿದರು.

ಈಗಲೂ ಹಿಮ ಬಿದ್ದರೆ ನಿಮ್ಮಮ್ಮ ನನಗೆ ಪೊರಕೆ ಕೊಟ್ಟು ಬಕೆಟ್ ಬಚ್ಚಿಡುತ್ತಾಳೆ. ಈ ವಯಸ್ಸಿನಲ್ಲಿ ನನ್ನ ಮೇಲೆ ಇಷ್ಟೂ ನಂಬಿಕೆಯಿಲ್ಲವೇ ಎಂದು ಮೊನ್ನೆ ಸಿಟ್ಟಾಗಿ ಅವಳಿಗೆ ಹೇಳಲು ಹೊರಟಿದ್ದೆ. ನೋಡಿಕೊಂಡರೆ, ದಾರಿ ಗುಡಿಸಿ ಮುಗಿಸಿ ನಲ್ಲಿಯ ಕೆಳಗೆ ಚೊಂಬು ಹಿಡಿದು ನಿಂತಿದ್ದೆ.