ಗಾಳಿಯ ಒತ್ತಡ ಮತ್ತು ಪಾಪಮ್ಮನವರ ಡಬ್ಬ

ಲಿಂಗರಾಜಪುರದಲ್ಲಿ ನಾನು ಟ್ಯೂಷನ್ ಶುರು ಮಾಡಿದ ಹೊಸತು. ಮನೆಯೊಡತಿ ಪಾಪಮ್ಮನವರು ಹಸುಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯೇ ನನ್ನ ವಿದ್ಯಾಲಯ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಬಾಡಿಗೆ ಕೋಣೆಗಳಲ್ಲಿದ್ದವರ ಮಕ್ಕಳೇ ಹೆಚ್ಚು. ಪಾಠ ಚೆನ್ನಾಗಿಯೇ ನಡೆಯುತ್ತಿತ್ತು. ಅಂದರೆ, ನಾನು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ಇರುವ ಟ್ಯೂಷನ್ ತೆರೆಯಿತು. ನನ್ನ ಮಕ್ಕಳು ಒಬ್ಬೊಬ್ಬರಾಗಿ ಕರಗತೊಡಗಿದರು. ಏಳನೇ ಕ್ಲಾಸಿನ ರೇಣುಕಾಳ ಅವ್ವ ಬಂದು ಮೆಲ್ಲಗೆ ಕೇಳಿದಳು: "ಮಿಸ್, ನಿಮ್ಮಲ್ಲಿ ಏನರೆ ಕಣ್ಣಿಗೆ ಕಾಣೋದು ಐತೇನ್ರಿ?"

ನಾನು ಬಿ.ಎಸ್ಸಿ. ಪದವೀಧರೆ. "ಭಾನುವಾರ ಎಲ್ಲರೂ ಬನ್ನಿ. ಕಣ್ಣಿಗೆ ಕಾಣದ ಗಾಳಿಯನ್ನೇ ತೋರಿಸ್ತೀನಿ" ಎಂದು ಘೋಷಿಸಿಬಿಟ್ಟೆ.

ಪ್ರಯೋಗ ಸರಳ. ತಗಡಿನ ಡಬ್ಬದಲ್ಲಿ ಸ್ವಲ್ಪ ನೀರು ಕುದಿಸಿದರೆ ಹಬೆ ಒಳಗಿನ ಗಾಳಿಯನ್ನು ಹೊರಗಟ್ಟುತ್ತದೆ. ಇಳಿಸಿದ ಕೂಡಲೇ ಮುಚ್ಚಳ ಬಿಗಿದು ತಣ್ಣೀರು ಸುರಿದರೆ ಹಬೆ ನೀರಾಗಿ, ಡಬ್ಬ ಒಳಗೆ ಬರಿದಾಗಿ, ಹೊರಗಿನ ಗಾಳಿ ಅದನ್ನು ಅಪ್ಪಚ್ಚಿ ಮಾಡುತ್ತದೆ. ಡಬ್ಬ ಪಾಪಮ್ಮನವರದು. ಅಪ್ಪಚ್ಚಿಯ ಭಾಗವನ್ನು ಅವರಿಗೆ ವಿವರಿಸಲು ನನಗೆ ಸಮಯವಾಗಲಿಲ್ಲ.

ಭಾನುವಾರ ಕೊಟ್ಟಿಗೆ ತುಂಬಿತು. ನೀರು ಕುದಿಯಿತು. ನನ್ನ ಗಂಡ ಡಬ್ಬವನ್ನು ಸ್ಟೌವಿನಿಂದ ಕೆಳಗಿಳಿಸಿದರು. ಅಷ್ಟು ಜನರನ್ನು ಕಂಡು ನನಗೆ ಭಾಷಣ ಉಕ್ಕಿತು. ವಾಯುಮಂಡಲದಿಂದ ಆರಂಭಿಸಿ, ವಿಜ್ಞಾನಿಗಳ ತ್ಯಾಗವನ್ನು ಹಾದು, ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಮುಗಿಸಿದೆ. ಆಮೇಲೆ ಗಂಭೀರವಾಗಿ ಮುಚ್ಚಳ ಬಿಗಿದು ತಣ್ಣೀರು ಸುರಿದೆ.

ಡಬ್ಬ ಡಬ್ಬವಾಗಿಯೇ ಇತ್ತು.

ಇನ್ನೊಂದು ಬಿಂದಿಗೆ ಸುರಿದೆ. ಡಬ್ಬಕ್ಕೆ ಸ್ನಾನವಾಯಿತು.

"ತೊಳೆಯೋಕಾ ಇಸ್ಕೊಂಡಿದ್ದು? ಹೇಳಿದ್ರೆ ನಾನೇ ತೊಳ್ದು ಕೊಡ್ತಿದ್ನಲ್ಲ" ಎಂದರು ಪಾಪಮ್ಮ. ಹಿಂದೆ ಕೂತವರು ಎದ್ದು ಚಪ್ಪಲಿ ಹುಡುಕತೊಡಗಿದರು.

ಆಗ ರೇಣುಕಾ ಎದ್ದು ನಿಂತಳು. "ಮಿಸ್, ನೀವು ಮಾತಾಡಾಕತ್ತಿದ್ರಿ. ಅಷ್ಟೊತ್ತಿಗೆ ಡಬ್ಬಿ ಆರಿ, ಗಾಳಿ ವಾಪಸ್ ಒಳಗ ಬಂತ್ರಿ."

ಹುಡುಗಿ ಬರೆದುಕೊಂಡಿದ್ದಷ್ಟೇ ಅಲ್ಲ, ಅರ್ಥವನ್ನೂ ಮಾಡಿಕೊಂಡಿದ್ದಳು! ನನಗೆ ಅವಮಾನವಾಗಬೇಕಿತ್ತು. ಹೆಮ್ಮೆಯಾಯಿತು.

"ಇನ್ನೊಂದ್ಸಲ ಮಾಡೋಣ" ಎಂದರು ಗಂಡ, ಸ್ಟೌ ಹಚ್ಚುತ್ತಾ. "ನೀನು ಮಾತ್ರ ಬಾಯಿ ತೆರೀಬೇಡ."

ತೆರೆಯಲಿಲ್ಲ. ಡಬ್ಬ ಇಳಿಯಿತು, ನಾನು ಬಟ್ಟೆ ಹಿಡಿದು ಮುಚ್ಚಳ ಬಿಗಿದೆ, ರೇಣುಕಾ ನೀರು ಸುರಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಧಡಾರ್ ಎಂದು ಡಬ್ಬದ ಪಕ್ಕೆಗಳು ಒಳಗೆ ಕುಸಿದು, ಅದು ಹಿಂಡಿದ ಬಟ್ಟೆಯಂತೆ ಮುದುಡಿತು. ನಾನು ಕಿರುಚಿಕೊಂಡು ಗಂಡನ ಹಿಂದೆ ಅಡಗಿದೆ. ಮಕ್ಕಳು ಕುಣಿದರು. ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಬೀದಿಯವರು ಓಡಿಬಂದರು. ಬಂದವರಿಗೆಲ್ಲ ರೇಣುಕಾ ಗಾಳಿಯ ಒತ್ತಡ ವಿವರಿಸಿದಳು.

ಪಾಪಮ್ಮ ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು. "ಇಷ್ಟು ಗಾಳಿ ನನ್ ಮೇಲೂ ಕೂತಿದ್ಯಾ?"

"ಹೂಂ ಅಜ್ಜಿ. ನಿಮ್ಮ ಒಳಗಿಂದೂ ತಿರುಗಿ ನೂಕತೈತ್ರಿ. ಅದಕ್ಕ ನೀವು ಹಂಗಾ ಅದೀರಿ" ಎಂದಳು ರೇಣುಕಾ.

ಪಾಪಮ್ಮ ಒಳಗೆ ಹೋದರು. ಮನೆ ಖಾಲಿ ಮಾಡಿಸುತ್ತಾರೆಂದು ನಾನು ಅಂದುಕೊಳ್ಳುತ್ತಿದ್ದರೆ, ಇನ್ನೊಂದು ಡಬ್ಬ ಹಿಡಿದು ಬಂದರು. "ಸಂಜೆ ನಮ್ಮಕ್ಕ ಹೊರಮಾವಿಂದ ಬರ್ತಾಳೆ. ಅವಳ್ಗೂ ತೋರಿಸ್ಬಿಡಿ."

ಬಿಟ್ಟುಹೋಗಿದ್ದ ಮಕ್ಕಳು ಇನ್ನಷ್ಟು ಮಕ್ಕಳನ್ನು ಎಳೆದುಕೊಂಡು ವಾಪಸ್ ಬಂದರು. ಕೊಟ್ಟಿಗೆ ಸಾಲದೆ ಅಂಗಳದಲ್ಲೂ ಚಾಪೆ ಹಾಸಿದೆವು. ಗೆದ್ದ ಖುಷಿಯಲ್ಲಿ, ಮಗಳನ್ನು ಹೊಸದಾಗಿ ಸೇರಿಸಲು ಬಂದ ತಾಯಿಯೊಬ್ಬಳನ್ನು, "ನಮ್ಮ ಬಗ್ಗೆ ಏನು ಕೇಳಿದ್ರಿ?" ಎಂದೆ.

"ಭಾಳ ಚಲೋ ಕಲಿಸ್ತೀರಂತ್ರಿ" ಎಂದಳು. "ಬಾಯಿ ಮುಚ್ಚಿಕೊಂಡಿದ್ರ."