ಎರಡು ಬೀದಿ, ಒಂದು ಹುಣಸೆಮರ, ಹದಿನೇಳು ಮಕ್ಕಳು

ಜಗಳವಾಡುವ ಊರಿಗೆ ಮೇಷ್ಟರಾಗಿ ಹೋದವನಿಗೆ ನಗುವಿಗೇನೂ ಬರವಿಲ್ಲ. ಮಹಾರಾಜರ ಕಾಲದಲ್ಲಿ ಬಡವನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನನಗೆ ಇದು ದಿನಕ್ಕೊಂದು ಬಗೆಯಲ್ಲಿ ತಿಳಿಯಿತು. ಕೆರೆ ತೂಬಿನ ನೀರಿಗಾಗಿ ಮೂಡಲ ಬೀದಿಗೂ ಪಡುವಲ ಬೀದಿಗೂ ಹೊಡೆದಾಟವಾಗಿ, ಎರಡು ವರ್ಷದಿಂದ ಮಾತಿಲ್ಲ. ಈ ಬೀದಿಯ ಮಕ್ಕಳು ಆ ಬೀದಿಗೆ ಕಾಲಿಡುವಂತಿಲ್ಲ. ಆದರೂ ಮಕ್ಕಳು ಓದಬೇಕೆಂಬ ಆಸೆ ಎರಡೂ ಕಡೆ ಇತ್ತು. ಹಾಗಾಗಿ ಊರವರೇ ನಡೆಸುವ ಶಾಲೆ ಎರಡು ಬೀದಿಗಳ ನಡುವಿನ ಹುಣಸೆಮರದ ಕೆಳಗೆ ಶುರುವಾಯಿತು.

ಪ್ರದಕ್ಷಿಣೆ

ಮರದ ಈಚೆ ಮೂಡಲ ಬೀದಿಯವರು, ಆಚೆ ಪಡುವಲ ಬೀದಿಯವರು. ಬೋರ್ಡು ಒಂದು ಕಡೆ ಇದ್ದರೆ ಇನ್ನೊಂದು ಕಡೆಯವರಿಗೆ ಅವಮಾನ. ಕೊನೆಗೆ ಎರಡು ಬೋರ್ಡು ತೂಗುಹಾಕಿದೆ. ಈಚೆ ‘ಅ’ ಬರೆದು, ಮರ ಬಳಸಿ ಹೋಗಿ ಆಚೆಯೂ ‘ಅ’ ಬರೆಯಬೇಕು. ಸುತ್ತಿ ಸುತ್ತಿ ಕಾಲು ಸೋತವು. ಒಂದು ವಾರ ಸುಮ್ಮನೆ ನೋಡುತ್ತಿದ್ದ ಅಜ್ಜಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಮಕ್ಕಳಾಗ್ಲಿಲ್ಲ ಅಂತ ಸುತ್ತೋದಾದ್ರೆ ಅರಳಿಮರ ಸುತ್ತಿ ಮೇಷ್ಟ್ರೇ. ಹುಣಸೆಮರ ಸುತ್ತಿದ್ರೆ ದೆವ್ವ ಮೆಟ್ಕಂತದೆ.”

ಊಟದ ಸರದಿ

ನನಗೆ ಊಟ ಒಂದು ದಿನ ಆ ಬೀದಿಯಿಂದ, ಒಂದು ದಿನ ಈ ಬೀದಿಯಿಂದ. ಮಾತು ಬಿಟ್ಟವರು ಕುತೂಹಲವನ್ನು ಮಾತ್ರ ಬಿಟ್ಟಿರಲಿಲ್ಲ. ಮುದ್ದೆ ಇಡುವ ಮೊದಲೇ ವಿಚಾರಣೆ: ನಿನ್ನೆ ಆ ಕಡೆ ಏನು ಸಾರು, ತುಪ್ಪ ಇತ್ತೇ, ಮಜ್ಜಿಗೆ ಗಟ್ಟಿಯೇ? ಅವರೆಕಾಳಿನ ಸಾರು ಎಂದರೆ ಈ ಕಡೆ ಅವರೆಕಾಳಿನ ಜೊತೆ ತುಪ್ಪವೂ ಬರುತ್ತಿತ್ತು. ಅದನ್ನು ಆ ಕಡೆ ಹೇಳಿದರೆ ಒಬ್ಬಟ್ಟು. ಎರಡು ತಿಂಗಳಲ್ಲಿ ನನ್ನ ಅಂಗಿ ಬಿಗಿಯಾಯಿತು. ಊರಲ್ಲಿ ರಾಜಿಯಾಗಲಿ ಎಂದು ದೇವರನ್ನು ಬೇಡುವಾಗ, ನಿಜ ಹೇಳುತ್ತೇನೆ, ಇನ್ನೊಂದು ತಿಂಗಳು ಕಳೆಯಲಿ ಎಂದು ಸೇರಿಸುತ್ತಿದ್ದೆ.

ಎಣಿಕೆ

ಮಧುಗಿರಿಯಿಂದ ಇನ್‌ಸ್ಪೆಕ್ಟರು ಬಂದರು. ಇಪ್ಪತ್ತು ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚಿಸುತ್ತೇನೆ ಎಂದರು. ಎರಡೂ ಕಡೆ ಸೇರಿ ಇದ್ದದ್ದು ಹದಿನೇಳು. ಅಕ್ಷರ ತಿದ್ದುತ್ತಿದ್ದವರು ಮತ್ತೆ ದನದ ಹಿಂದೆ ಹೋಗುತ್ತಾರಲ್ಲ ಎಂದು ಸಂಕಟವಾಯಿತು.

ಒಂದೇ ಸಾಲಿನಲ್ಲಿ ನಿಲ್ಲಿಸಿ, ಎಣಿಸುತ್ತೇನೆ ಎಂದರು ಇನ್‌ಸ್ಪೆಕ್ಟರು. ನಮ್ಮ ಮಕ್ಕಳು ಮುಂದೆ ಎಂದರು ಮೂಡಲ ಬೀದಿಯ ಗೌಡರು. ಅದು ಹೇಗೆ, ನಮ್ಮವರೇ ಮುಂದೆ ಎಂದರು ಪಡುವಲ ಬೀದಿಯ ಯಜಮಾನರು. ಇನ್‌ಸ್ಪೆಕ್ಟರು ಬೇಸತ್ತು, ಹಾಗಾದರೆ ಮರದ ಸುತ್ತ ದುಂಡಗೆ ನಿಲ್ಲಲಿ, ಯಾರೂ ಮುಂದಲ್ಲ ಯಾರೂ ಹಿಂದಲ್ಲ ಎಂದರು. ಮಕ್ಕಳು ನಿಂತರು. ಇನ್‌ಸ್ಪೆಕ್ಟರು ಎಣಿಸುತ್ತ ಮರ ಬಳಸಿ ಹೊರಟರು. ಎಲ್ಲಿಂದ ಶುರು ಮಾಡಿದ್ದೆಂಬುದನ್ನು ಮರೆತು, ಮೊದಲಿನ ಆರು ಮಕ್ಕಳನ್ನು ಇನ್ನೊಮ್ಮೆ ಎಣಿಸಿಬಿಟ್ಟರು.

“ಇಪ್ಪತ್ಮೂರು. ಸರಿಯೇ ಮೇಷ್ಟ್ರೇ?”

ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಗೌಡರು ಮುಂದೆ ಬಂದು, “ಸರಿಯಾಗೈತೆ ಬುದ್ದಿ” ಅಂದರು.

ಯಜಮಾನರು ಗೌಡರ ಮುಖವನ್ನು ಒಮ್ಮೆ ನೋಡಿದರು. “ಗೌಡ್ರು ಯೋಳೋದು ದಿಟ ಬುದ್ದಿ. ನಾನೂ ಎಣಿಸ್ದೆ, ಅಷ್ಟೇ ಅವೆ.”

ಇನ್‌ಸ್ಪೆಕ್ಟರು ಬರೆದುಕೊಂಡು ಹೊರಟರು. ಎರಡು ವರ್ಷದಲ್ಲಿ ಎರಡೂ ಬೀದಿಯವರು ಒಪ್ಪಿದ ಮೊದಲ ಮಾತು ಅದು. ಅದೂ ಹಸೀ ಸುಳ್ಳು.